ಬಚ್ಚಿಟ್ಟ ಹೆಸರು

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೈಲರಮ್ಮ ಶಾಲೆಯ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದಳು. ಮಿಷನ್ನಿನ ಹಲಗೆಯ ಮೇಲಿದ್ದ ಫೋನು ಗುರ್ರೆಂದಿತು. ಸೂಜಿ ಕಚ್ಚಿದ ಬಟ್ಟೆಯನ್ನು ಹಾಗೇ ಬಿಟ್ಟು ನೋಡಿದಳು. 'ಅಕ್ಕಪಕ್ಕ' ಗುಂಪಿಗೆ ಯಾರೋ ಏನೋ ಬರೆದಿದ್ದರು. ಅದು ಅವಳ ಒಪ್ಪಿಗೆಗೆ ಕಾಯುತ್ತಿತ್ತು.

ಆ ಗುಂಪು ಕಟ್ಟಿದವಳು ಅವಳೇ. ನಾಲ್ಕು ವರ್ಷದ ಹಿಂದೆ ಬೀದಿಯ ನೀರಿನ ಪೈಪು ಒಡೆದು ಹನ್ನೆರಡು ದಿನ ಯಾರೂ ತಿರುಗಿ ನೋಡದಿದ್ದಾಗ, ಮಗಳ ಹತ್ತಿರ ಕಲಿತುಕೊಂಡು ಶುರು ಮಾಡಿದ್ದು. ಆಗ ಮೂವತ್ತು ಜನ, ಈಗ ಒಂಬತ್ತು ಸಾವಿರ. ಕಳೆದುಹೋದ ಬೆಕ್ಕು, ಬಾಡಿಗೆ ಮನೆ, ಕೈಕೊಟ್ಟ ಪ್ಲಂಬರ್, ಎಲ್ಲಕ್ಕೂ ಅಲ್ಲೇ ಪಂಚಾಯಿತಿ. ಎದುರು ನಿಂತು ಹೇಳಲಾಗದ್ದನ್ನು ಹೆಸರು ಬಚ್ಚಿಟ್ಟು ಬರೆಯುವ ಅನುಕೂಲವೂ ಇತ್ತು. ಹಾಗೆ ಬರೆದದ್ದು ಮಾತ್ರ ಅಡ್ಮಿನ್, ಅಂದರೆ ಟೈಲರಮ್ಮ, ಒಪ್ಪಿದ ಮೇಲೇ ಗುಂಪಿಗೆ ಹೋಗುತ್ತದೆ. ಬರೆದವರು ಯಾರೆಂದು ಓದುವವರಿಗೆ ಕಾಣದು, ಅಡ್ಮಿನ್‌ಗೆ ಮಾತ್ರ ಕಾಣುತ್ತದೆ. ಗುಂಪಿನ ಹಣೆಯ ಮೇಲೆ ಟೈಲರಮ್ಮ ತಾನೇ ಬರೆದು ಹಾಕಿದ್ದಳು: "ಬಚ್ಚಿಟ್ಟ ಹೆಸರು ಅಡ್ಮಿನ್ ಒಬ್ಬರಿಗೇ ಗೊತ್ತು. ಅಡ್ಮಿನ್ ಬಾಯಿ ಬಿಡುವುದಿಲ್ಲ." ನಾಲ್ಕು ವರ್ಷ ಬಿಟ್ಟಿರಲಿಲ್ಲ. ಆ ಮಾತಿನ ಮೇಲೆ ಅವಳಿಗೆ ಒಳಗೊಳಗೇ ಹೆಮ್ಮೆ.

ಈಗ ಬಂದದ್ದು ಹೀಗಿತ್ತು: "ನಮ್ಮ ಮಕ್ಕಳು ಹೋಗುವ ನೀಲಿ ಬಸ್ಸುಗಳ ಬ್ರೇಕನ್ನು ಬೆಳಿಗ್ಗೆ ಯಾರೂ ನೋಡುವುದಿಲ್ಲ. ನೋಡಿದ್ದೇವೆ ಅನ್ನುವ ಹಾಳೆಗಳಿಗೆ ಫೋರ್‌ಮನ್ ಸಹಿ ಮೊದಲೇ ಬಿದ್ದಿರುತ್ತೆ. ಏಳನೇ ನಂಬರ್ ಬಸ್ಸು ಎರಡು ವಾರದ ಹಿಂದೆ ಇಳಿಜಾರಿನಲ್ಲಿ ನಿಲ್ಲಲಿಲ್ಲ. ಮರಳಿನ ರಾಶಿಗೆ ಗುದ್ದಿ ನಿಂತಿತು. ಒಳಗೆ ಇಪ್ಪತ್ತಾರು ಮಕ್ಕಳಿದ್ದರು. ಅವಕ್ಕೆ ಆಟ ಅನ್ನಿಸಿ ಚಪ್ಪಾಳೆ ತಟ್ಟಿದವು."

ಕೆಳಗೆ ಹೆಸರು. ಏಳನೇ ಬಸ್ಸಿನ ಆಯಮ್ಮ. ದಿನಾ ಎರಡು ಹೊತ್ತು ಮಕ್ಕಳನ್ನು ಕೈಹಿಡಿದು ಹತ್ತಿಸಿ ಇಳಿಸುವವಳು. ಹೋದ ತಿಂಗಳು ಕೋಟಿನ ಜಿಪ್ಪು ಹಾಕಿಸಿಕೊಂಡು ಹೋಗಿದ್ದಳು.

ಟೈಲರಮ್ಮನ ಕಣ್ಣು ನಿಂತದ್ದು ಆ ಹೆಸರಿನ ಮೇಲಲ್ಲ. ನೀಲಿ ಬಸ್ಸಿನ ಕಂಪನಿಗೆ ಒಬ್ಬನೇ ಫೋರ್‌ಮನ್. ಅವನ ಮಧ್ಯಾಹ್ನದ ಊಟದ ಡಬ್ಬಿಯನ್ನು ಬೆಳಿಗ್ಗೆ ನಾಲ್ಕೂವರೆಗೆ ಕಟ್ಟಿ ಕಳಿಸಿದವಳು ಅವಳೇ.

ಒಪ್ಪಿಗೆಯ ಗುಂಡಿ ಒತ್ತಲಿಲ್ಲ, ಅಳಿಸಲೂ ಇಲ್ಲ. ಫೋನನ್ನು ಬೋರಲು ಹಾಕಿ ಮತ್ತೆ ಪೆಡಲ್ ತುಳಿದಳು. ಕಾಲರ್ ಸೊಟ್ಟಗೆ ಕೂತಿತು.

ಸಂಜೆ ಊಟಕ್ಕೆ ಗಂಡ, ಅತ್ತೆ, ಮಗಳು, ಅವಳು, ನಾಲ್ವರೂ ಕೂತರು. ಗಂಡ ಸೋಪಿನ ಪುಡಿಯಲ್ಲಿ ಎರಡು ಸಲ ಕೈ ತಿಕ್ಕಿದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲ ಅನ್ನುವಂಥ ಮನುಷ್ಯ ಅವನು.

"ರೀ, ಏಳನೇ ಬಸ್ಸು ಹೇಗಿದೆ?" ಎಂದಳು, ಅನ್ನ ಬಡಿಸುತ್ತ.

"ಹೇಗಿರತ್ತೆ? ನಾಲ್ಕು ಚಕ್ರ ಇದೆ."

"ಬ್ರೇಕು?"

ತುತ್ತು ಅರ್ಧಕ್ಕೇ ನಿಂತಿತು. "ಯಾರು ಏನಂದ್ರು?"

"ಯಾರೂ ಏನೂ ಅನ್ಲಿಲ್ಲ. ಕೇಳಿದೆ ಅಷ್ಟೆ."

"ನೀನು ಹೊಲಿಗೆ ನೋಡ್ಕೋ. ನಾನು ಬಸ್ಸು ನೋಡ್ಕೋತೀನಿ."

ಅತ್ತೆ, ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಬೇಯಿಸಿ ಹಾಕಿ ನಿವೃತ್ತಳಾದವಳು, ತಟ್ಟೆಯಿಂದ ತಲೆ ಎತ್ತದೆ ಅಂದಳು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

"ಅಮ್ಮ, ಊಟ ಮಾಡು."

ಗುರುವಾರದವರೆಗೂ ಆ ಬರಹ ಫೋನಿನಲ್ಲಿ ಹಾಗೇ ಕೂತಿತ್ತು. ಗುರುವಾರ ಸಂಜೆ ಮಗಳು, ಹದಿನೇಳು ತುಂಬಿದ ಹುಡುಗಿ, ಒಂದೇ ಸಮನೆ ಮಾತಾಡುತ್ತಾಳೆಂದು ಮನೆಯವರೆಲ್ಲ ಗಿಣಿ ಎಂದು ಕರೆಯುತ್ತಿದ್ದವಳು, ಅಮ್ಮನ ಫೋನಿನಲ್ಲಿ ಏನೋ ಹುಡುಕಲು ಹೋಗಿ ಅದನ್ನು ಓದಿದಳು. ಒಂದು ಮಾತೂ ಆಡದೆ ಒಪ್ಪಿಗೆಯ ಗುಂಡಿ ಒತ್ತಿದಳು. ಆಮೇಲೆ ಅಡುಗೆಮನೆಗೆ ಬಂದು ನಿಂತಳು.

"ಹಾಕಿದೆ."

"ಏನು ಹಾಕಿದೆ?"

"ಬಸ್ಸಿನದು. ಎರಡು ದಿನ ಆಯ್ತಂತೆ ಬಂದು. ಯಾಕಮ್ಮ ಮುಚ್ಚಿಟ್ಕೊಂಡಿದ್ದೆ?"

ಟೈಲರಮ್ಮನ ಕೈಲಿದ್ದ ಸೌಟು ಪಾತ್ರೆಗೆ ಬಡಿಯಿತು. "ನಿಮ್ಮಪ್ಪ ಕಣೇ ಅದು! ಫೋರ್‌ಮನ್ ಅಂದ್ರೆ ನಿಮ್ಮಪ್ಪ!"

"ಗೊತ್ತು. ಆ ಬಸ್ಸಲ್ಲಿ ಹೋಗೋ ಇಪ್ಪತ್ತಾರಕ್ಕೂ ಒಬ್ಬೊಬ್ಬ ಅಪ್ಪ ಇದ್ದಾನೆ."

"ದೊಡ್ಡ ಮಾತಾಡ್ಬೇಡ. ನನ್ನ ಕೇಳದೆ ಮುಟ್ಟಿದ್ಯಲ್ಲ, ಗುಂಪು ನಿಂದಾ ನಂದಾ?"

"ನಿಂದೂ ಅಲ್ಲ, ನಂದೂ ಅಲ್ಲ. ಅದರಲ್ಲಿ ಇರೋರದ್ದು," ಎಂದಳು ಗಿಣಿ. "ಹೆಸರೂ ನೋಡಿದೆ ಅಮ್ಮ. ಸತ್ತರೂ ಹೇಳಲ್ಲ. ನೀನೂ ಹೇಳ್ಬೇಡ."

ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಓದಿತ್ತು. ಹಲವರು ಮಕ್ಕಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಬಂದರು. ಬಸ್ ಕಂಪನಿಯ ಓನರ್ ಫೋರ್‌ಮನ್ನನ್ನು ತನ್ನ ಕೋಣೆಗೆ ಕರೆಸಿ ಕೇಳಿದ್ದು ಬ್ರೇಕಿನ ವಿಷಯವಲ್ಲ. "ಆ ಗುಂಪು ನಿನ್ನ ಹೆಂಡ್ತೀದಂತೆ. ಬರೆದೋರು ಯಾರು ಅಂತ ಅವಳಿಗೆ ಕಾಣತ್ತಂತೆ. ಹೆಸರು ತಾ."

ಅಂದಿನಿಂದ ಮನೆಯ ಊಟದ ರುಚಿಯೇ ಕೆಟ್ಟಿತು. ಗಂಡ ಬಂದವನೇ ಚೀಲ ಎಸೆದು, "ಹೆಸರು ಹೇಳು," ಅನ್ನುವುದು. ಇವಳು, "ಆಗಲ್ಲ," ಅನ್ನುವುದು.

"ಹದಿಮೂರು ವರ್ಷದ ಕೆಲಸ ಹೋಗತ್ತೆ ಕಣೇ!"

"ಅವರದ್ದೂ ಕೆಲಸಾನೇ."

"ಓಹೋ, ಅಂದ್ರೆ ನಮ್ಮಲ್ಲೇ ಕೆಲಸ ಮಾಡೋರು."

ಅವಳು ತುಟಿ ಕಚ್ಚಿಕೊಂಡಳು. ಮಾತಿಗೆ ಮಾತು ಕೊಟ್ಟಷ್ಟೂ ಅವನಿಗೆ ದಾರಿ ಸಿಗುತ್ತಿತ್ತು.

ಮಗಳನ್ನೂ ಕೇಳಿ ನೋಡಿದ. "ಗಿಣಿ, ನೀನಾದ್ರೂ ಹೇಳು ಮರೀ. ಅಪ್ಪನ ಪರವಾಗಿ."

"ಅಪ್ಪ, ಬರೆದಿದ್ದು ಸುಳ್ಳಾ?"

"ಸುಳ್ಳೋ ನಿಜಾನೋ ಅದು ಬೇರೆ ಪ್ರಶ್ನೆ."

"ಅದೊಂದೇ ಪ್ರಶ್ನೆ ಅಪ್ಪ."

ಅವನು ತಟ್ಟೆ ತಳ್ಳಿ ಎದ್ದು ಹೋದ. ಆ ವಾರವೇ ಓನರ್ ಕಡೆಯಿಂದ ಒಬ್ಬ ಗುಮಾಸ್ತ ಬಂದು, ಡ್ರೈವರುಗಳಿಗೆಲ್ಲ ಹೊಸ ಸಮವಸ್ತ್ರ ಹೊಲಿಯಬೇಕು, ನಲವತ್ತು ಜೊತೆ, ಬಟ್ಟೆ ನಾಳೆಯೇ ಕಳಿಸುತ್ತೇವೆ ಎಂದ. ಟೈಲರಮ್ಮ ಅವನ ಮುಖ ನೋಡದೆಯೇ, "ಕೈತುಂಬ ಕೆಲಸ ಇದೆ," ಎಂದು ಕಳಿಸಿದಳು. ನಿಜಕ್ಕೂ ಆ ತಿಂಗಳು ಅವಳ ಕೈ ಖಾಲಿಯಾಗಿತ್ತು.

ಅಷ್ಟು ಗಟ್ಟಿಯಾಗಿ ನಿಂತವಳು ಜಾರಿದ್ದು ಒಂದು ಭಾನುವಾರ ಬೆಳಿಗ್ಗೆ, ಬ್ರೆಡ್ಡು ಸುಡುತ್ತಿದ್ದಾಗ. ಗಂಡ ಟೀ ಹೀರುತ್ತ ಗೊಣಗುತ್ತಿದ್ದ: "ಯಾವನೋ ಆಫೀಸಿನವನೇ. ಕುರ್ಚಿ ಬಿಸಿ ಮಾಡೋನು. ಬ್ರೇಕು ಅಂದ್ರೆ ಏನು ಗೊತ್ತು ಅವನಿಗೆ? ಒಂದಿನ ಆ ಬಸ್ಸಲ್ಲಿ ಕೂತಿದಾನಾ?"

ರಾತ್ರಿಯಿಡೀ ನಿದ್ದೆಯಿಲ್ಲದ ತಲೆ, ಕರಕಲಾದ ಬ್ರೆಡ್ಡು, ಇವನ ಗೊಣಗಾಟ. ಟೈಲರಮ್ಮ ಚಟ್ಟನೆ ತಿರುಗಿದಳು. "ದಿನಾ ಎರಡು ಹೊತ್ತು ಮಕ್ಕಳನ್ನ ಕೈಹಿಡಿದು ಹತ್ತಿಸಿ ಇಳಿಸೋರಿಗೆ ಗೊತ್ತಿಲ್ದೇ ಇರೋದು ನಿಮಗೆ ಗೊತ್ತಾ?"

ಗಂಡ ಕಪ್ಪನ್ನು ನಿಧಾನಕ್ಕೆ ಕೆಳಗಿಟ್ಟ. ಇನ್ನೇನೂ ಕೇಳಲಿಲ್ಲ. ಕೇಳದೇ ಇದ್ದದ್ದು ನೋಡಿ ಅವಳು ಬ್ರೆಡ್ಡು ಬಿಟ್ಟು ಅವನ ಎದುರಿಗೆ ಬಂದಳು.

"ರೀ, ನಾನು ಸುಮ್ನೆ ಅಂದಿದ್ದು. ಯಾರನ್ನೂ ಉದ್ದೇಶಿಸಿ ಅಲ್ಲ."

"ಹೂಂ," ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬುಧವಾರ ಏಳನೇ ಬಸ್ಸಿಗೆ ಹೊಸ ಆಯಾ ಬಂದಳು.

ಗುಂಪಿನಲ್ಲಿ ಮೊದಲು ಕೇಳಿದವನು ಔಷಧಿ ಅಂಗಡಿಯವ. "ಏಳನೇ ಬಸ್ಸಿನ ಆಯಮ್ಮನನ್ನು ತೆಗೆದು ಹಾಕಿದ್ದಾರೆ. ಬರೆದದ್ದು ಅವರೇ ಎಂದು ಕಂಪನಿಗೆ ಹೇಗೆ ಗೊತ್ತಾಯಿತು? ಹೆಸರು ಕಾಣುವುದು ಒಬ್ಬರಿಗೆ ಮಾತ್ರ ಅಲ್ಲವೇ?"

ಟೈಲರಮ್ಮ ಓದಿದಳು. ಬೆವರಿದ ಹೆಬ್ಬೆರಳು ಅಳಿಸುವ ಗುಂಡಿಯ ಮೇಲೆ ತಾನಾಗಿಯೇ ಹೋಯಿತು. ಚಿಟಿಕೆ ಹೊಡೆಯುವಷ್ಟರಲ್ಲಿ ಆ ಪ್ರಶ್ನೆ ಈ ಭೂಮಿಯ ಮೇಲೆ ಇರಲೇ ಇಲ್ಲವೇನೋ ಎಂಬಂತೆ ಮಾಯವಾಯಿತು. ಎಷ್ಟು ಸುಲಭ! ಅರ್ಧ ಗಂಟೆಗೆ ಅವನು ಮತ್ತೆ ಬರೆದ: "ನನ್ನ ಪ್ರಶ್ನೆ ಎಲ್ಲಿ ಹೋಯಿತು?" ಅದನ್ನೂ ಅಳಿಸಿದಳು. ಮೂರನೇ ಸಲ ಬರೆದಾಗ ಅವನನ್ನೇ ಗುಂಪಿನಿಂದ ತೆಗೆದಳು. ನಾಲ್ಕು ವರ್ಷದಲ್ಲಿ ಬೈಗುಳ ಬರೆದವರನ್ನು ತೆಗೆದಿದ್ದಳೇ ಹೊರತು ಪ್ರಶ್ನೆ ಕೇಳಿದವರನ್ನು ತೆಗೆದಿರಲಿಲ್ಲ.

ಮಧ್ಯಾಹ್ನ ಅವನೇ ಅಂಗಡಿ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಪ್ಯಾಂಟು.

"ಎರಡು ಇಂಚು ಗಿಡ್ಡ ಮಾಡ್ಬೇಕು ಟೈಲರಮ್ಮ. ಮಾಡ್ತೀರೋ, ಗುಂಪಿಂದ ತೆಗೆದ ಹಾಗೆ ಇಲ್ಲಿಂದಾನೂ ತೆಗೀತೀರೋ?"

ಕತ್ತರಿಸುವ ಮೇಜಿನ ಹತ್ತಿರ ಬೇರೆ ಇಬ್ಬರು ಗಿರಾಕಿಗಳಿದ್ದರು. ಅವಳಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

"ಏನೋ ಗೊಂದಲ ಆಯ್ತು ಅಣ್ಣ..."

"ಗೊಂದಲ ಮೂರು ಸಲ ಆಗಲ್ಲಮ್ಮ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. "ಹೋದ ವರ್ಷ ನಮ್ಮ ಹುಡುಗ ಕುಡಿತದ ಚಟಕ್ಕೆ ಬಿದ್ದಾಗ ನಾನು ಹೆಸರು ಬಚ್ಚಿಟ್ಟು ನಿಮ್ಮ ಗುಂಪಲ್ಲೇ ಬರೆದಿದ್ದೆ, ಸಹಾಯ ಕೇಳಿ. ನಿಮಗೆ ನೆನಪಿರತ್ತೆ. ಬೆಳಿಗ್ಗೆಯಿಂದ ಅದೇ ಯೋಚನೆ. ಅದನ್ನೂ ಯಾರಿಗಾದ್ರೂ ಹೇಳಿರ್ತೀರಾ ಅಂತ." ಪ್ಯಾಂಟನ್ನು ಮೇಜಿನ ಮೇಲಿಟ್ಟು ಹೋದ.

ಗಿಣಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಿರಾಕಿಗಳು ಹೋದಮೇಲೆ ಬಂದು, "ಯಾರು ಹೇಳಿದ್ದು ಅಮ್ಮ? ನೀನಾ?" ಎಂದಳು.

"ಬಾಯಿ ತಪ್ಪಿ ಬಂತು."

"ಅಳಿಸಿದ್ದೂ ಕೈ ತಪ್ಪಿ ಆಯ್ತಾ?"

ಟೈಲರಮ್ಮ ಮಗಳ ಮೇಲೆ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಅದೇ ಕೈಯಿಂದ ಟೇಪನ್ನು ಕೊರಳಿಂದ ತೆಗೆದಿಟ್ಟು ಚಪ್ಪಲಿ ಮೆಟ್ಟಿದಳು.

ಆಯಮ್ಮನ ಮನೆ ಎರಡು ಬೀದಿ ಆಚೆ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಆಯಮ್ಮ ನೆಲದ ಮೇಲೆ ಕೂತು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಬಾಗಿಲಲ್ಲಿ ಟೈಲರಮ್ಮನನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

"ಆಯಮ್ಮ, ನನ್ನಿಂದ ತಪ್ಪಾಯ್ತು. ಮನೇಲಿ ಜಗಳ ಆಡ್ತಾ ಬಾಯಿಂದ..."

"ಜಗಳ ಆಡೋಕೆ ನನ್ನ ಹೆಸರೇ ಬೇಕಿತ್ತಾ?"

"ಹೆಸರು ಹೇಳ್ಲಿಲ್ಲ. ಆದ್ರೆ ಹೇಳಿದ ಹಾಗೇ ಆಯ್ತು."

ಆಯಮ್ಮ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. "ನಾನು ನಿಮ್ಮನ್ನ ನಂಬಿ ಬರೆದಿದ್ದು ಅಂದ್ಕೊಂಡ್ರಾ? ಫೋರ್‌ಮನ್ ಹೆಂಡ್ತಿ ಅಂತ ಗೊತ್ತಿಲ್ವಾ ನನಗೆ? ಎರಡು ವಾರ ಯೋಚನೆ ಮಾಡಿದೆ. ಮೇಲೆ ಬರೆದಿದ್ರಲ್ಲ, ಅಡ್ಮಿನ್ ಬಾಯಿ ಬಿಡಲ್ಲ ಅಂತ. ಆ ಮಾತನ್ನ ನಂಬಿ ಬರೆದೆ. ಯಾರ ಹೆಂಡ್ತಿ ಆದ್ರೂ ಸರಿ, ಬರೆದ ಮಾತಿಗೆ ನಿಲ್ತಾರೆ ಅಂತ."

"ಏನು ಮಾಡ್ಲಿ ಹೇಳಿ. ನನ್ನ ಜೊತೆ ಹೊಲಿಗೆಗೆ ಬನ್ನಿ, ಗುಂಡಿ ಹಚ್ಚೋ ಕೆಲಸ..."

"ನಿಮ್ಮ ದಯೆ ಬೇಡ. ನನಗೆ ಕ್ಯಾಂಟೀನಲ್ಲಿ ಪಾತ್ರೆ ತೊಳೆಯೋ ಕೆಲಸ ಸಿಕ್ಕಿದೆ, ಸೋಮವಾರದಿಂದ." ಚಾಕು ಕೆಳಗಿಟ್ಟಳು. "ಎರಡು ಕೆಲಸ ಮಾಡಿ. ಹೆಸರು ಯಾರಿಂದ ಹೊರಗೆ ಬಂತು ಅಂತ ಅಲ್ಲೇ ಬರೀರಿ, ಒಂಬತ್ತು ಸಾವಿರ ಜನರ ಎದುರಿಗೆ. ಆಮೇಲೆ ಆ ಅಡ್ಮಿನ್ ಪಟ್ಟ ನನಗೆ ಕೊಡಿ."

"ನಿಮಗಾ?"

"ಯಾಕೆ, ನನಗೆ ಓದೋಕೆ ಬರಲ್ವಾ? ಬಾಯಿ ತಪ್ಪಿದ್ರೆ ಏನಾಗತ್ತೆ ಅನ್ನೋದು ಈ ಬೀದೀಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವತ್ತು ಊಟದ ಹೊತ್ತಿಗೆ ಟೈಲರಮ್ಮ ಎಲ್ಲವನ್ನೂ ಹೇಳಿದಳು. ಬರೆಯುತ್ತೇನೆ ಎಂದೂ ಹೇಳಿದಳು. ಗಂಡ ಸಿಡಿದೆದ್ದ.

"ಬರಿ! ನನ್ನ ಮರ್ಯಾದೆ ಬೀದೀಲಿ ಹರಾಜು ಹಾಕು!"

"ನೀವು ಯಾಕೆ ಹೇಳಿದ್ರಿ ಓನರಿಗೆ? ನಾನು ಜಾರಿದೆ ಸರಿ, ನೀವು ಹೋಗಿ ಮುಟ್ಟಿಸಿದ್ರಿ."

ಅವನು ಮತ್ತೆ ಕೂತ. "ಬರೆದಿದ್ದು ಆಫೀಸಿನ ಗುಮಾಸ್ತ ಅಂತ ಅವನ ಮೇಲೆ ಹಾಕೋಕೆ ಹೊರಟಿದ್ರು. ಪಾಪದವನು, ಮೂರು ಮಕ್ಕಳು. ಅವನಲ್ಲ ಅಂದೆ. ಅವನಲ್ಲ ಅಂತ ನಿನಗೆ ಹೇಗೆ ಗೊತ್ತು, ಹಾಗಾದ್ರೆ ಯಾರು, ಅಂತ ಹಿಡ್ಕೊಂಡ್ರು."

ಅತ್ತೆ ನೀರಿನ ಲೋಟ ಕೆಳಗಿಟ್ಟಳು. "ಒಂದು ಮಾತು ಕೇಳ್ತೀನಿ ಮಗಾ. ಸಹಿ ನೋಡಿ ಹಾಕ್ತೀಯೋ, ನೋಡದೆ ಹಾಕ್ತೀಯೋ?"

"ಅಮ್ಮ, ಹದಿನಾಲ್ಕು ಬಸ್ಸು. ಇದ್ದ ಇಬ್ಬರು ಫಿಟ್ಟರ್‌ಗಳನ್ನ ಬಿಡಿಸಿದ್ರು. ಐದೂವರೆಗೆ ಮೊದಲ ಬಸ್ಸು ಹೊರಡ್ಬೇಕು. ಎಲ್ಲಿಂದ ನೋಡ್ಲಿ?"

"ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ."

"...ನೋಡದೆ."

"ಆಸ್ಪತ್ರೇಲಿ ನನ್ನ ಮೇಲಿದ್ದ ಮೇಸ್ತ್ರಿ ಹಾಲು ರುಚಿ ನೋಡದೆ ನೋಡಿದೆ ಅಂತ ಬರೀತಿದ್ದ," ಎಂದಳು ಮುದುಕಿ. "ನನಗೆ ಗೊತ್ತಿತ್ತು. ಹೆದರಿ ಸುಮ್ಮನಿದ್ದೆ. ಒಂದಿನ ಹತ್ತೊಂಬತ್ತು ಜನಕ್ಕೆ ವಾಂತಿ. ಯಾರೂ ಸಾಯ್ಲಿಲ್ಲ, ನಮ್ಮ ಪುಣ್ಯ. ಪ್ರತಿ ಸಲ ಪುಣ್ಯ ಕೈ ಹಿಡಿಯಲ್ಲ ಕಣೋ." ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಟೈಲರಮ್ಮ ಅಂದೇ ಬರೆದಳು, ಊಟದ ಮೇಜಿನ ಮೇಲೇ, ಗಂಡ ಎದುರು ಕೂತಿರುವಾಗಲೇ. "ಬಸ್ಸಿನ ಬಗ್ಗೆ ಬರೆದವರ ಹೆಸರು ಹೊರಗೆ ಹೋದದ್ದು ನನ್ನ ಬಾಯಿಂದ. ಫೋರ್‌ಮನ್ ನನ್ನ ಗಂಡ. ಆ ಬರಹವನ್ನು ನಾನು ಎರಡು ದಿನ ತಡೆದಿಟ್ಟಿದ್ದೆ. ಪ್ರಶ್ನೆ ಕೇಳಿದವರ ಮಾತನ್ನು ಅಳಿಸಿದೆ, ಅವರನ್ನೂ ತೆಗೆದೆ. ಇದಕ್ಕೆಲ್ಲ ಬೇರೆ ಯಾರೂ ಕಾರಣರಲ್ಲ." ಔಷಧಿ ಅಂಗಡಿಯವನನ್ನು ಮತ್ತೆ ಸೇರಿಸಿದಳು. ಆಯಮ್ಮನನ್ನು ಅಡ್ಮಿನ್ ಮಾಡಿ ತಾನು ಕೆಳಗಿಳಿದಳು. ಹೊಸ ಅಡ್ಮಿನ್ ಬೆಳಗಿನ ಜಾವದಲ್ಲೇ ಒಂದು ನಿಯಮ ತಂದಳು: ಇನ್ನು ಮೇಲೆ ಹೆಸರಿಟ್ಟು ಬರೆದದ್ದೂ ತಾನು ಓದಿದ ಮೇಲೇ ಗುಂಪಿಗೆ ಹೋಗಬೇಕು. ಆದರೆ ಟೈಲರಮ್ಮನ ಬರಹದ ಕೆಳಗೆ ಬಿದ್ದ ಬೈಗುಳದಲ್ಲಿ ಒಂದನ್ನೂ ತೆಗೆಯಲಿಲ್ಲ. "ನಂಬಿಸಿ ಕತ್ತು ಕೊಯ್ದವಳು" ಎಂದವರಿದ್ದರು. ಮಿಷನ್ನಿನ ಮುಂದೆ ಕೂತು ಟೈಲರಮ್ಮ ಒಂದೊಂದನ್ನೂ ಓದಿದಳು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಮೂವರು ಬಂದು ವಾಪಸು ತೆಗೆದುಕೊಂಡು ಹೋದರು.

ಗಂಡ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೇ ದಿನ, ಡಬ್ಬಿ ಹಿಡಿದು ಹೋದವನು ಬೆಳಿಗ್ಗೆ ಹತ್ತಕ್ಕೆಲ್ಲ ಮರಳಿ ಬಂದ. ಬಟ್ಟೆಯ ಮೇಲೆಲ್ಲ ಮಣ್ಣು, ಗ್ರೀಸು.

"ಏನಾಯ್ತು?"

"ಏಳನೇ ಬಸ್ಸಿನ ಕೆಳಗೆ ನುಗ್ಗಿ ನೋಡಿದೆ. ಬ್ರೇಕ್ ಲೈನಿಂಗು ಸವೆದು ಕಾಗದದ ಹಾಗಾಗಿದೆ." ನೀರು ಕುಡಿದ. "ಉಳಿದದ್ದನ್ನೂ ನೋಡಿದೆ. ಐದು ಬಸ್ಸು ಬಿಡಲ್ಲ ಅಂದೆ. ಓನರ್ರು ಹೊಸ ತಿಂಗಳ ಹಾಳೆ ಕಟ್ಟು ತಂದು ಮುಂದಿಟ್ಟು, ಸಹಿ ಹಾಕು ಇಲ್ಲ ಮನೆಗೆ ಹೋಗು ಅಂದ್ರು."

ಅತ್ತೆ ಎದ್ದು ಹೋಗಿ ಎರಡು ಮೊಟ್ಟೆ ಒಡೆದು ಬಾಣಲೆಗೆ ಹಾಕಿದಳು.

ಮಧ್ಯಾಹ್ನವಿಡೀ ಅವನು ಸಾರಿಗೆ ಇಲಾಖೆಗೆ ದೂರು ಬರೆದ. ಮಗಳು ತಿದ್ದಿದಳು. ಆಮೇಲೆ, "ಗುಂಪಿಗೂ ಹಾಕ್ಬೇಕು, ಹೇಗೆ ಹಾಕೋದು?" ಎಂದು ಕೇಳಿದ. ಗಿಣಿ ತೋರಿಸಿದಳು. "ಹೆಸರು ಬಚ್ಚಿಡಬಹುದು ಅಪ್ಪ, ಇಲ್ಲೊಂದು ಗುರುತು ಹಾಕಿದ್ರೆ." ಅವನು ತಲೆಯಾಡಿಸಿದ. ತನ್ನ ಹೆಸರಲ್ಲೇ ಕಳಿಸಿದ: "ನೀಲಿ ಬಸ್ಸುಗಳ ಫೋರ್‌ಮನ್ ನಾನು. ಒಂದು ತಿಂಗಳಿಂದ ಬ್ರೇಕು ನೋಡದೆ ಸಹಿ ಹಾಕಿದ್ದೇನೆ. ಐದು ಬಸ್ಸು ರಸ್ತೆಗೆ ಬರಕೂಡದು. ಅವುಗಳ ನಂಬರು ಕೆಳಗಿದೆ."

ಅದು ಅಡ್ಮಿನ್ ಒಪ್ಪಿಗೆಗೆ ಕಾಯುತ್ತ ಕೂತಿತು. ಒಂದು ಗಂಟೆ ಆಯಿತು, ಎರಡಾಯಿತು. ಊಟಕ್ಕೆ ಕೂತರು. ಫೋನು ತಟ್ಟೆಗಳ ನಡುವೆ ಇತ್ತು. ತನ್ನ ಒಪ್ಪಿಗೆಗೆ ಕಾದವರು ಹೀಗೇ ಕೂತಿರುತ್ತಿದ್ದರೇನೋ ಎಂದು ಟೈಲರಮ್ಮನಿಗೆ ಅನ್ನಿಸಿದ್ದು ಅದೇ ಮೊದಲು.

"ಹಾಕಲ್ಲ ಅವಳು," ಎಂದ ಗಂಡ. "ನಾನು ಮಾಡಿದ್ದಕ್ಕೆ ಯಾಕೆ ಹಾಕ್ತಾಳೆ? ಅಳಿಸಿರ್ತಾಳೆ."

"ಅಳಿಸಿದ್ರೆ ಅವರ ಹಕ್ಕು," ಎಂದಳು ಹೆಂಡತಿ.

ಆಗ ಫೋನು ಗುರ್ರೆಂದಿತು. ಗಿಣಿ ಕೈಗೆತ್ತಿಕೊಂಡು ನೋಡಿ, ಅಪ್ಪನ ಮುಖ ನೋಡಿದಳು.

"ಓದು," ಎಂದ.

"ವಾಪಸು ಕಳಿಸಿದ್ದಾರೆ. ಜೊತೆಗೆ ಒಂದು ಸಾಲು ಬರೆದಿದ್ದಾರೆ." ಗಿಣಿ ನಿಧಾನಕ್ಕೆ ಓದಿದಳು: "'ಒಂದು ತಿಂಗಳಲ್ಲ, ಮೂರು ತಿಂಗಳು. ಆಫೀಸಿನ ಮೇಜು ಒರೆಸೋವಾಗ ಆ ಹಾಳೆಗಳ ಕಟ್ಟು ಎತ್ತಿಡ್ತಿದ್ದವಳು ನಾನು. ಸರಿ ಮಾಡಿ ಕಳಿಸಿ. ಹಾಕ್ತೀನಿ.'"

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಎಂಜಲು ಕೈಯನ್ನು ತೊಳೆದು, ಒರೆಸಿಕೊಂಡು ಬಂದು, ಮಗಳ ಕೈಯಿಂದ ಫೋನು ತೆಗೆದುಕೊಂಡ. "ಒಂದು" ಅಳಿಸಿ "ಮೂರು" ಎಂದು ಬರೆಯಲು ಅವನ ದಪ್ಪ ಬೆರಳಿಗೆ ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.